ಆಪಾಳ ಬಯೋಫಿಸಿಕ್ಸ್ ಮತ್ತು ನನ್ನ ಲೆಕ್ಕ

ನಾನು ದ್ವಿತೀಯ ಪಿಯುಸಿ ಕಾಮರ್ಸ್. ಈ ಸಲದ ವಾರ್ತಾಪತ್ರಕ್ಕೆ ಬಯೋಫಿಸಿಕ್ಸ್ ಬಗ್ಗೆ ಬರೆದು ಕೊಡುತ್ತೇನೆ ಎಂದಾಗ ಕನ್ನಡ ಸರ್ ಕನ್ನಡಕ ಸರಿಸಿ ನನ್ನನ್ನು ನೋಡಿದರು. "ನೀನು ಜಿಎಸ್‌ಟಿ ಬಗ್ಗೆ ಬರೆದರೆ ನಾಲ್ಕು ಜನರಿಗೆ ಉಪಯೋಗ ಆದೀತು ಮಾರಾಯ" ಎಂದರು. ಅವರು ಹೇಳಿದ್ದರಲ್ಲಿ ಸತ್ಯ ಉಂಟು. ಬಯೋಫಿಸಿಕ್ಸ್ ಎಂಬ ಶಬ್ದ ನಮ್ಮ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲಿ ಇಲ್ಲ. ಕರಿಯರ್ ಗೈಡೆನ್ಸ್ ದಿನ ಬಂದ ಅತಿಥಿಗಳ ಬಾಯಲ್ಲೂ ಬರಲಿಲ್ಲ. ಆದರೆ ಹತ್ತು ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. ಕಾರಣ ನನ್ನ ಆಪಾ. ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ, ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ನಮ್ಮ ಮನೆ ಕದ್ರಿಯಲ್ಲಿ, ಆಕಾಶವಾಣಿಯ ಗುಡ್ಡದಿಂದ ಇಳಿಯುವ ಒಂದು ಒಳರಸ್ತೆಯಲ್ಲಿ. ಮನೆಯೊಳಗೆ ಉರ್ದು, ಗೇಟು ದಾಟಿದರೆ ತುಳು, ಕಾಲೇಜಿಗೆ ಬಂದರೆ ಗೆಳೆಯರ ಜೊತೆ ಬ್ಯಾರಿ, ಕ್ಲಾಸಿನಲ್ಲಿ ಕನ್ನಡ ಮತ್ತು ಇಂಗ್ಲಿಷ್. ಇಷ್ಟು ಭಾಷೆ ಇದ್ದರೂ ಆಪಾ ಓದಬೇಕೆಂದಿರುವ ವಿಷಯದ ಹೆಸರನ್ನು ದಾದಿಗೆ ತಿಳಿಸಲು ಒಂದು ವಾರ ಬೇಕಾಯಿತು. ಕನ್ನಡದಲ್ಲಿ ಅದು ಜೀವಭೌತಶಾಸ್ತ್ರ. ಉರ್ದುವಿನಲ್ಲಿ ಹಯಾತಿ ತಬೀಇಯಾತ್. ದಾದಿಗೆ ಕಿವಿ ಸ್ವಲ್ಪ ಮಂದ, ಅವರಿಗೆ ಕೇಳಿಸಿದ್ದು ತಬೀಯತ್. "ತಬೀಯತ್ ನೋಡುವುದೆಂದರೆ ಡಾಕ್ಟರೇ ಅಲ್ಲವಾ? ಮತ್ತೆ ಯಾಕೆ ಎಲ್ಲರೂ ಜಗಳ ಮಾಡುತ್ತಿದ್ದೀರಿ?" ಎಂದು ಕೇಳಿ ತಸ್ಬೀಹ್ ಮುಂದುವರಿಸಿದರು. ಅಮ್ಮಿ ನಗಲಿಲ್ಲ. ಜಗಳ ಇದ್ದದ್ದೇ ಆ ಜಾಗದಲ್ಲಿ.

ಆಪಾ 2024ರಲ್ಲಿ ಪಿಸಿಎಂಬಿ ಮುಗಿಸಿದಳು. ಅಂಕ ಚೆನ್ನಾಗಿಯೇ ಬಂತು. ನೀಟ್ ಬರೆದಳು, ಸರ್ಕಾರಿ ಸೀಟು ಸಿಗುವಷ್ಟು ಬರಲಿಲ್ಲ. ಆ ವರ್ಷ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು ಜನ. ಇಡೀ ದೇಶದಲ್ಲಿ ಎಂಬಿಬಿಎಸ್ ಸೀಟು ಒಂದು ಲಕ್ಷದ ಮೇಲೆ ಸ್ವಲ್ಪ, ಅದರಲ್ಲೂ ಅರ್ಧದ ಹತ್ತಿರ ನಮ್ಮಂಥವರು ಫೀಸು ಕೇಳಿ ವಾಪಸು ಬರುವ ಖಾಸಗಿ ಸೀಟುಗಳು. ನಮ್ಮ ಬೀದಿಯಲ್ಲಿ ಇಂಥ ಸಂದರ್ಭಕ್ಕೆ ಒಂದೇ ಔಷಧಿ: ಲಾಂಗ್ ಟರ್ಮ್. ಅಂದರೆ ಒಂದು ವರ್ಷ ಕೋಚಿಂಗ್ ಸೆಂಟರಿನಲ್ಲಿ ಕೂತು ಮತ್ತೊಮ್ಮೆ ಬರೆಯುವುದು. ದಮ್ಮಾಮ್‌ನಲ್ಲಿರುವ ಮಾಮೂ ಫೋನು ಮಾಡಿ, ಕೋಚಿಂಗ್ ಫೀಸು ನಾನು ಕೊಡುತ್ತೇನೆ, ಸೀಟು ಸಿಕ್ಕಿದರೆ ಕಾಲೇಜಿನ ಫೀಸಿಗೂ ಕೈ ಹಾಕುತ್ತೇನೆ, ನಮ್ಮ ಖಾನ್‌ದಾನಿನಲ್ಲಿ ಒಬ್ಬಳಾದರೂ ಡಾಕ್ಟರ್ ಆಗಲಿ ಎಂದರು. ಮಾಮೂ ಮಾತಿಗೆ ತಪ್ಪುವವರಲ್ಲ. ನನ್ನ ಎಸ್ಸೆಸ್ಸೆಲ್ಸಿ ಟ್ಯೂಷನ್ನಿಗೂ ಅವರೇ ಕಳುಹಿಸಿದ್ದು.

ಆಪಾ ಬೇಡ ಎಂದಳು. ತನಗೆ ಬೇಕಾದದ್ದು ಬಯೋಫಿಸಿಕ್ಸ್ ಎಂದಳು. ಆಗ ಅಬ್ಬಾ ಕೇಳಿದ ಮೊದಲ ಪ್ರಶ್ನೆ: "ಅದು ಯಾವ ಕಾಲೇಜಿನಲ್ಲಿ ಉಂಟು?" ಅದಕ್ಕೆ ಅವಳ ಹತ್ತಿರ ಒಂದು ವಾಕ್ಯದ ಉತ್ತರ ಇರಲಿಲ್ಲ. ನಾನು ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಅವಳಿಗೆ ಈ ಹುಚ್ಚು ಹಿಡಿದದ್ದು ಪಾಯಾದಿಂದ. ನಂಬಲಿಕ್ಕೆ ಕಷ್ಟ, ಆದರೆ ನಿಜ. ನಮ್ಮ ಮನೆಯಲ್ಲಿ ಚಳಿಗಾಲಕ್ಕೂ ರಮಝಾನಿಗೂ ಯಾರದಾದರೂ ಕೈಕಾಲು ಮುರಿದಾಗಲೂ ಪಾಯಾ ಆಗಲೇಬೇಕು. ಕುರಿಯ ಕಾಲನ್ನು ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೆಳಿಗ್ಗೆ ಬಿಸಿಬಿಸಿ ಕುಡಿದರೆ ತುಟಿಗೆ ತುಟಿ ಅಂಟುತ್ತದೆ. ಉಳಿದದ್ದನ್ನು ಫ್ರಿಜ್ಜಿನಲ್ಲಿ ಇಟ್ಟರೆ ಸಾರು ಹೋಗಿ ಜೆಲ್ಲಿಯಂತೆ ಗಟ್ಟಿಯಾಗುತ್ತದೆ, ಮತ್ತೆ ಬಿಸಿ ಮಾಡಿದರೆ ನೀರಾಗುತ್ತದೆ. ಪ್ರಥಮ ಪಿಯುಸಿಯಲ್ಲಿದ್ದಾಗ ಆಪಾ ಇದು ಯಾಕೆ ಹೀಗೆ ಎಂದು ಬಯಾಲಜಿ ಮೇಡಂ ಹತ್ತಿರ ಕೇಳಿದಳಂತೆ. ಅವರು, ಅದು ಕೊಲ್ಯಾಜನ್, ಅದರ ರಚನೆ ಕಂಡುಹಿಡಿದದ್ದು ನಮ್ಮವರೇ, ಹುಡುಕಿ ಓದು ಎಂದರು. ಅವಳು ಓದಿದಳು. ನಮಗೆಲ್ಲ ಕೇಳಿಸಿದಳು ಕೂಡ, ಬೇಕೋ ಬೇಡವೋ ಕೇಳದೆ.

ಕೊಲ್ಯಾಜನ್ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜು ಎಲ್ಲದರಲ್ಲೂ ಇರುವ ಪ್ರೋಟೀನ್. ಪ್ರಾಣಿಗಳ ದೇಹದಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಅದೇ. ಅದರ ಆಕಾರ ಹೇಗಿದೆ ಎಂದು 1954ರಲ್ಲಿ ಹೇಳಿದವರು ಜಿ. ಎನ್. ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ್ ಕರ್ತಾ, ಮದರಾಸು ವಿಶ್ವವಿದ್ಯಾಲಯದಲ್ಲಿ ಕೂತು. ಮೂರು ಎಳೆ ಒಂದರ ಸುತ್ತ ಒಂದು ಸುತ್ತಿಕೊಂಡಿವೆ ಎಂದರು, ಹುಡುಗಿಯರ ಜಡೆಯ ಹಾಗೆ. ಎಳೆಯಲ್ಲಿ ಪ್ರತಿ ಮೂರನೆಯ ಜಾಗದಲ್ಲಿ ಗ್ಲೈಸೀನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ ಇದೆ. ಮೂರು ಎಳೆ ಸೇರುವ ನಡುವಿನಲ್ಲಿ ಜಾಗ ಎಷ್ಟು ಕಡಿಮೆ ಎಂದರೆ ಬೇರೆ ಯಾವುದೂ ಅಲ್ಲಿ ಹಿಡಿಸುವುದಿಲ್ಲ. ರಾತ್ರಿಯಿಡೀ ಬೇಯಿಸಿದರೆ ಜಡೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿಕೊಂಡ ಎಳೆಗಳ ಹೆಸರು ಜೆಲಾಟಿನ್. ತಣ್ಣಗಾದಾಗ ಅವು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ನಮ್ಮ ಫ್ರಿಜ್ಜಿನ ಜೆಲ್ಲಿ ಅದು.

ದಾದಿಯ ತವರು ವಾಣಿಯಂಬಾಡಿ, ಚರ್ಮ ಹದ ಮಾಡುವ ಊರು. ಈ ಕಥೆಯಲ್ಲಿ ಅವರಿಗೆ ಇಷ್ಟವಾದದ್ದು ಒಂದೇ ಸಂಗತಿ. ರಾಮಚಂದ್ರನ್ ಅವರಿಗೆ ಕೊಲ್ಯಾಜನ್ ಮಾದರಿಗಳು ಸಿಕ್ಕಿದ್ದು ಮದರಾಸಿನ ಚರ್ಮ ಸಂಶೋಧನಾ ಸಂಸ್ಥೆಯಿಂದ. ಹದ ಮಾಡುವುದೆಂದರೆ ಇದೇ ಕೊಲ್ಯಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು, ಕೊಳೆಯದ ಹಾಗೆ. "ಹಾಗಾದರೆ ನನ್ನ ಅಬ್ಬಾಜಾನ್ ಕೂಡ ಇದನ್ನೇ ಮಾಡಿದ್ದು" ಎಂದರು ದಾದಿ. ಆದರೆ ಪಾಯಾ ಕುಡಿದರೆ ಅದರ ಕೊಲ್ಯಾಜನ್ ನೇರ ಹೋಗಿ ಮುರಿದ ಮೂಳೆಗೆ ಕೂರುವುದಿಲ್ಲ, ಹೊಟ್ಟೆಯಲ್ಲಿ ಚೂರುಚೂರಾಗಿ ಜೀರ್ಣವಾಗುತ್ತದೆ ಎಂದು ಆಪಾ ಹೇಳಿದಾಗ ಅವರಿಗೆ ಬೇಸರವಾಯಿತು. ಎರಡು ದಿನ ಅವಳಿಗೆ ಪಾಯಾ ಬಡಿಸಲಿಲ್ಲ.

ರಾಮಚಂದ್ರನ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಅಬ್ಬಾ ಅವರ ಪ್ರಶ್ನೆಗೆ ಉತ್ತರ ಅವರ ಜೀವನದಲ್ಲೇ ಇದೆ. ಅವರು ಬಯಾಲಜಿ ಪದವಿಯವರೇ ಅಲ್ಲ. 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಅಲ್ಲಿ ಸಿ. ವಿ. ರಾಮನ್ ಇದ್ದರು, ಇವರು ಫಿಸಿಕ್ಸ್‌ಗೆ ಬದಲಾದರು. ಆಮೇಲೆ ಕೇಂಬ್ರಿಜ್. 1952ರಲ್ಲಿ ಮದರಾಸಿನಲ್ಲಿ ಫಿಸಿಕ್ಸ್ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ಮೂವತ್ತು ವರ್ಷವೂ ಸರಿಯಾಗಿ ತುಂಬಿರಲಿಲ್ಲ. ಎಕ್ಸ್-ರೇ ಕಿರಣಗಳನ್ನು ಹರಳಿನೊಳಗೆ ಹಾಯಿಸಿ ಪರಮಾಣುಗಳ ಜಾಗ ಲೆಕ್ಕ ಹಾಕುವುದು ಅವರ ವಿದ್ಯೆ. ಆ ವಿದ್ಯೆಯನ್ನೇ ಚರ್ಮದ ಪ್ರೋಟೀನಿಗೆ ತಂದರು. ಒಳ್ಳೆಯ ಚಿತ್ರ ಸಿಕ್ಕಿದ್ದು ಕಾಂಗರೂವಿನ ಬಾಲದ ಸ್ನಾಯುರಜ್ಜಿನಿಂದ. ಮದರಾಸಿನಲ್ಲಿ ಕೂತವರಿಗೆ ಕಾಂಗರೂ! ಸಂಶೋಧನೆಗೆ ಕಚ್ಚಾ ಸಾಮಾನು ಎಲ್ಲಿಂದೆಲ್ಲ ಬರುತ್ತದೆ ನೋಡಿ.

1963ರಲ್ಲಿ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಪ್ರಕಟಿಸಿದ್ದು ಈಗ ಜಗತ್ತಿನ ಎಲ್ಲ ಕಡೆ ರಾಮಚಂದ್ರನ್ ಪ್ಲಾಟ್ ಎಂಬ ಹೆಸರಿನಲ್ಲಿ ಇದೆ. ನನಗೆ ಅದು ಮೂರು ಸಲ ಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಆಪಾ ಸಂಜೆ ಐದೂವರೆಯ ಸಿಟಿ ಬಸ್ಸಿನ ಲೆಕ್ಕದಲ್ಲಿ ಹೇಳಿದಳು. ಸ್ಟೇಟ್ ಬ್ಯಾಂಕಿನಿಂದ ಬರುವ ತುಂಬಿದ ಬಸ್ಸಿನಲ್ಲಿ ನೀನು ನಿಂತಿದ್ದೀ. ಭುಜ ಒಂದು ಕಡೆ ತಿರುಗಬಹುದು, ಮೊಣಕೈ ಇನ್ನೊಂದು ಕಡೆ. ಲೆಕ್ಕಕ್ಕೆ ಎಷ್ಟು ಬೇಕಾದರೂ ಕೋನ ಸಾಧ್ಯ, ಆದರೆ ಹೆಚ್ಚಿನ ಕೋನಗಳಲ್ಲಿ ನಿನ್ನ ಕೈ ಯಾರದೋ ಮುಖಕ್ಕೆ ತಾಗುತ್ತದೆ. ತಾಗದ ಹಾಗೆ ಇರುವ ಭಂಗಿ ಕೆಲವೇ ಕೆಲವು. ಗ್ರಾಫ್ ಕಾಗದದಲ್ಲಿ ಭುಜದ ಕೋನ ಅಡ್ಡಕ್ಕೆ, ಮೊಣಕೈಯ ಕೋನ ಉದ್ದಕ್ಕೆ ಬರೆದು, ಸಾಧ್ಯವಿರುವ ಕಡೆ ಮಾತ್ರ ಬಣ್ಣ ತುಂಬು. ಕಾಗದದ ಹೆಚ್ಚಿನ ಭಾಗ ಖಾಲಿಯೇ ಉಳಿಯುತ್ತದೆ. ಪ್ರೋಟೀನಿನ ಸರಪಳಿಯೂ ಹಾಗೆಯೇ. ಪ್ರತಿ ಕೊಂಡಿಯಲ್ಲಿ ತಿರುಗುವ ಎರಡು ಕೋನ. ಎರಡು ಪರಮಾಣು ಒಂದೇ ಜಾಗದಲ್ಲಿ ಕೂರಲಾರವು. ಅಷ್ಟರಿಂದಲೇ ಯಾವ ಭಂಗಿ ಸಾಧ್ಯ, ಯಾವುದು ಅಸಾಧ್ಯ ಎಂದು ನಕ್ಷೆ ಬರೆಯಬಹುದು. ಇವತ್ತಿಗೂ ಯಾರಾದರೂ ಹೊಸ ಪ್ರೋಟೀನಿನ ರಚನೆ ಕಂಡುಹಿಡಿದರೆ ಈ ನಕ್ಷೆಗೆ ಹಿಡಿದು ನೋಡುತ್ತಾರೆ. ನಾವು ಟ್ರಯಲ್ ಬ್ಯಾಲೆನ್ಸ್ ಹಾಕಿ ನೋಡುವ ಹಾಗೆ ಎಂದು ನಾನು ಹೇಳಿದೆ. ಆಪಾ ಒಪ್ಪಿದಳು. ಅವಳು ನನ್ನ ಹೋಲಿಕೆಯನ್ನು ಒಪ್ಪಿದ್ದು ಅದೊಂದೇ ಸಲ.

(ನಮ್ಮ ವಾರ್ತಾಪತ್ರದಲ್ಲಿ ಕಣ್ಣಿನ ಬಗ್ಗೆ ಬರೆದ ಇಬ್ನುಲ್ ಹೈಸಮ್ ಅವರ ಕುರಿತು ಹೆಚ್ಚುಕಡಿಮೆ ಪ್ರತಿ ವರ್ಷ ಒಂದು ಲೇಖನ ಬರುತ್ತದೆ, ಹಾಗಾಗಿ ನಾನು ಆ ಕಡೆ ಹೋಗುವುದಿಲ್ಲ. ಸಿ. ವಿ. ರಾಮನ್ ಕೂಡ ಕೊನೆಯ ವರ್ಷಗಳಲ್ಲಿ ಕಣ್ಣು ಬಣ್ಣವನ್ನು ಹೇಗೆ ನೋಡುತ್ತದೆ ಎಂಬುದರ ಹಿಂದೆ ಬಿದ್ದು 1968ರಲ್ಲಿ ಅದರ ಬಗ್ಗೆ ಪುಸ್ತಕವನ್ನೇ ಬರೆದರು ಎಂಬುದನ್ನು ಮಾತ್ರ ಸೇರಿಸುತ್ತೇನೆ.)

ಈಗ ಅಬ್ಬಾ ಅವರ ಪ್ರಶ್ನೆ. ಬಯೋಫಿಸಿಕ್ಸ್ ಯಾವ ಕಾಲೇಜಿನಲ್ಲಿ ಉಂಟು?

ಬಿಎಸ್ಸಿಯಲ್ಲೇ ಬಯೋಫಿಸಿಕ್ಸ್ ಎಂದು ಬೋರ್ಡು ಹಾಕಿ ಕಲಿಸುವ ಕಡೆ ನಮ್ಮ ದೇಶದಲ್ಲಿ ಬಹಳ ಕಡಿಮೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಉಂಟು, ಆನರ್ಸ್ ಪದವಿ. ಕದ್ರಿಯಿಂದ ಚಂಡೀಗಢ ಎಂದ ಕೂಡಲೇ ಅಮ್ಮಿ ಮುಖ ನೋಡಬೇಕಿತ್ತು. ಮದರಾಸು ವಿಶ್ವವಿದ್ಯಾಲಯದಲ್ಲಿ, ದೆಹಲಿಯ ಏಮ್ಸ್‌ನಲ್ಲಿ ಇರುವುದು ಎಂಎಸ್ಸಿ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1971ರಲ್ಲಿ ರಾಮಚಂದ್ರನ್ ಅವರೇ ಶುರು ಮಾಡಿದ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಇದೆ, ನಿಮ್ಹಾನ್ಸ್‌ನಲ್ಲೂ ಬಯೋಫಿಸಿಕ್ಸ್ ವಿಭಾಗ ಇದೆ, ಆದರೆ ಅವು ಸಂಶೋಧನೆಯ ಜಾಗಗಳು. ಪಿಯುಸಿ ಮುಗಿಸಿದವರು ನೇರ ಹೋಗಿ ಬಾಗಿಲು ತಟ್ಟುವಂತಿಲ್ಲ. 2011ರಿಂದ ವಿಜ್ಞಾನ ಸಂಸ್ಥೆಯಲ್ಲಿ ನಾಲ್ಕು ವರ್ಷದ ಪದವಿಯೂ ಇದೆ. ಅಲ್ಲಿ ಮೊದಲ ಮೂರು ಸೆಮಿಸ್ಟರು ಎಲ್ಲರೂ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ನಾಲ್ಕನ್ನೂ ಓದಬೇಕು. ಆಮೇಲೆ ಒಂದನ್ನು ಆರಿಸಬೇಕು. ಆರಿಸುವ ಪಟ್ಟಿಯಲ್ಲಿ ಫಿಸಿಕ್ಸ್ ಇದೆ, ಬಯಾಲಜಿ ಇದೆ, ಬಯೋಫಿಸಿಕ್ಸ್ ಎಂದು ಇಲ್ಲ. ಐಸರ್‌ಗಳ ಐದು ವರ್ಷದ ಕೋರ್ಸೂ ಸುಮಾರು ಇದೇ ದಾರಿಯದು. ಅವುಗಳ ಪ್ರವೇಶ ಪರೀಕ್ಷೆ ಐಎಟಿಯಲ್ಲಿ ನಾಲ್ಕೂ ವಿಷಯಕ್ಕೆ ಸಮಾನ ಪ್ರಶ್ನೆ. ಆಪಾ ಅದನ್ನೂ 2024ರಲ್ಲಿ ಬರೆದಿದ್ದಳು, ನೀಟ್ ತಯಾರಿಯ ನಡುವೆ, ಗಣಿತವನ್ನು ಮೂಲೆಗಿಟ್ಟ ತಿಂಗಳುಗಳ ಮೇಲೆ. ರ‍್ಯಾಂಕ್ ದೂರ ಉಳಿಯಿತು.

ಇನ್ನು ನಮ್ಮ ಊರಿನ ಕಡೆ. ಇಲ್ಲಿ ಬಿಎಸ್ಸಿ ಎಂದರೆ ತಲೆಮಾರುಗಳಿಂದ ಎರಡು ಬಾಗಿಲು. ಒಂದು ಕಡೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್. ಇನ್ನೊಂದು ಕಡೆ ಕೆಮಿಸ್ಟ್ರಿ, ಬಾಟನಿ, ಝೂಆಲಜಿ. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂರುವ ಫಿಸಿಕ್ಸ್ ಮತ್ತು ಬಯಾಲಜಿ ಡಿಗ್ರಿಗೆ ಬಂದ ಕೂಡಲೇ ಬೇರೆ ಮನೆ ಮಾಡುತ್ತವೆ. 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ನಮ್ಮ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ಈ ಬದಲಾವಣೆಗಳ ನಡುವೆಯೂ ಗೋಡೆ ಹೆಚ್ಚುಕಡಿಮೆ ಅಲ್ಲೇ ಇದೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಯಾವ ವಿಷಯ ಓದಿದರೆ ಅರ್ಹತೆ ಎಂದು 18 ಹೆಸರಿನ ಪಟ್ಟಿ ನೋಡಿದೆವು. ಆಸ್ಟ್ರೋಫಿಸಿಕ್ಸ್ ಇದೆ, ಜಿಯೋಫಿಸಿಕ್ಸ್ ಇದೆ, ಬಯೋಕೆಮಿಸ್ಟ್ರಿ ಇದೆ. ಇವಳದ್ದು ಮಾತ್ರ ಇಲ್ಲ. "ನಕ್ಷತ್ರಕ್ಕೆ ಫಿಸಿಕ್ಸ್ ಉಂಟು, ಕಲ್ಲಿಗೆ ಉಂಟು, ಮನುಷ್ಯನಿಗೆ ಇಲ್ಲ" ಎಂದು ಆಪಾ ನಕ್ಕಳು. ಆ ನಗುವಿನಲ್ಲಿ ಸಂತೋಷ ಇರಲಿಲ್ಲ.

ಅಬ್ಬಾ ಅವರದ್ದು ಬ್ಯಾಟರಿ ಅಂಗಡಿ. ವಾಹನದ್ದು, ಇನ್ವರ್ಟರಿನದ್ದು, ಮಾರುವುದು, ಚಾರ್ಜು ಮಾಡುವುದು, ರಿಪೇರಿ. ಅವರು ಓದಿದ್ದು ಹತ್ತನೆಯ ತರಗತಿ. ಆಪಾ ಅವರನ್ನು ಒಪ್ಪಿಸಿದ್ದು ವಾದದಿಂದ ಅಲ್ಲ, ಬೊಂಡಾಸಿನಿಂದ. ಒಂದು ಭಾನುವಾರ ಅಬ್ಬಾ ಬಂದರಿನಿಂದ ಬೊಂಡಾಸು ತಂದಿದ್ದರು. ಅಮ್ಮಿ ಅದನ್ನು ಸೀಳಿ ಬಿಡಿಸುತ್ತಿದ್ದಾಗ ಆಪಾ ತಡೆದು, ಒಳಗೆ ಬೆರಳಿಟ್ಟು, ಈ ಪ್ರಾಣಿಯಿಂದಲೇ ಮನುಷ್ಯರಿಗೆ ತಮ್ಮ ನರ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದದ್ದು ಎಂದಳು. ನಮ್ಮ ನರದ ಎಳೆಗಳು ಕೂದಲಿಗಿಂತ ಎಷ್ಟೋ ತೆಳು. ಬೊಂಡಾಸಿನಲ್ಲಿ ಒಂದು ನರದ ಎಳೆ ಅರ್ಧ ಮಿಲಿಮೀಟರು, ಕೆಲವೊಮ್ಮೆ ಇನ್ನೂ ದಪ್ಪ. ಅಪಾಯ ಕಂಡಾಗ ನೀರು ಚಿಮ್ಮಿಸಿ ಓಡಲು ಸಂದೇಶ ಬೇಗ ಹೋಗಬೇಕಲ್ಲ, ಅದಕ್ಕೆ. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಆ ಎಳೆಯೊಳಗೆ ಉದ್ದಕ್ಕೂ ತಂತಿ ತೂರಿಸಿ ವೋಲ್ಟೇಜು ಅಳೆದರು. ಸೋಡಿಯಂ ಒಳಗೆ ಬರುವುದು, ಪೊಟ್ಯಾಸಿಯಂ ಹೊರಗೆ ಹೋಗುವುದು, ಇಷ್ಟರಿಂದಲೇ ಸಂದೇಶ ಓಡುತ್ತದೆ ಎಂದು 1952ರಲ್ಲಿ ಸಮೀಕರಣ ಬರೆದು ತೋರಿಸಿದರು. ಆ ಸಮೀಕರಣಗಳನ್ನು ಹಕ್ಸ್‌ಲಿ ಬಿಡಿಸಿದ್ದು ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಲೆಕ್ಕದ ಯಂತ್ರದಲ್ಲಿ. ಕಾಮರ್ಸಿನವನಾಗಿ ನನಗೆ ಈ ಮನುಷ್ಯನ ಮೇಲೆ ವಿಶೇಷ ಗೌರವ. 1963ರಲ್ಲಿ ಅವರಿಗೆ ನೊಬೆಲ್ ಬಂತು.

ಅಬ್ಬಾ ಕೇಳಿದರು: "ಎಷ್ಟು ವೋಲ್ಟು?"

ಸುಮಾರು 70 ಮಿಲಿವೋಲ್ಟ್ ಎಂದಳು ಆಪಾ.

ಅಬ್ಬಾ ಜೋರಾಗಿ ನಕ್ಕರು. ಅವರ ಬ್ಯಾಟರಿಯ ಒಂದೊಂದು ಸೆಲ್ಲಿನಲ್ಲೇ ಎರಡು ವೋಲ್ಟ್, ಆರು ಸೆಲ್ ಸೇರಿ ಹನ್ನೆರಡು. ಇದು ಅದರ ಇಪ್ಪತ್ತೆಂಟನೇ ಒಂದು ಪಾಲೂ ಬರುವುದಿಲ್ಲ ಎಂದು ನಾನು ಲೆಕ್ಕ ಹೇಳಿದೆ. ಆಗ ಆಪಾ ನನ್ನ ಕೈಗೇ ಕ್ಯಾಲ್ಕುಲೇಟರ್ ಕೊಟ್ಟು, ಆ 70 ಮಿಲಿವೋಲ್ಟ್ ಎಷ್ಟು ದಪ್ಪದ ಪೊರೆಯ ಎರಡು ಬದಿಗೆ ಇದೆ ಗೊತ್ತಾ, ಐದು ನ್ಯಾನೋಮೀಟರ್, ಭಾಗಿಸು ಎಂದಳು. ಭಾಗಿಸಿದೆ. ಮೀಟರಿಗೆ ಒಂದು ಕೋಟಿ ನಲವತ್ತು ಲಕ್ಷ ವೋಲ್ಟ್ ಬಂತು. ಸೊನ್ನೆ ಹೆಚ್ಚಾಯಿತೇನೋ ಎಂದು ಇನ್ನೊಮ್ಮೆ ಮಾಡಿದೆ, ಅದೇ ಬಂತು. ಗಾಳಿಯಲ್ಲಿ ಕಿಡಿ ಹಾರಲು ಮೀಟರಿಗೆ ಸುಮಾರು ಮೂವತ್ತು ಲಕ್ಷ ವೋಲ್ಟ್ ಸಾಕು. ಅಂದರೆ ನಮ್ಮ ನರಕೋಶದ ಪೊರೆ ಗಾಳಿಯಾದರೆ ಕಿಡಿ ಹಾರಿಬಿಡುವಂಥ ಒತ್ತಡವನ್ನು ಸುಮ್ಮನೆ ಹಿಡಿದುಕೊಂಡು ಕೂತಿದೆ. ಎಲೆಕ್ಟ್ರಿಕ್ ಈಲ್ ಎಂಬ ಮೀನು ಇಂಥ ಸಾವಿರಾರು ಕೋಶಗಳನ್ನು ಒಂದರ ಹಿಂದೆ ಒಂದು ಜೋಡಿಸಿ 600 ವೋಲ್ಟ್ ಹೊಡೆಯುತ್ತದೆ ಎಂದಳು.

"ಸೀರೀಸ್ ಕನೆಕ್ಷನ್" ಎಂದರು ಅಬ್ಬಾ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೊರೆ ಅಂದರೆ ನಮ್ಮ ಸೆಪರೇಟರ್ ಪ್ಲೇಟ್ ಇದ್ದ ಹಾಗೆ" ಎಂದರು. ಆ ದಿನದಿಂದ ಅವರು ಕೇಳುವ ಪ್ರಶ್ನೆ ಬದಲಾಯಿತು. ಯಾವ ಕಾಲೇಜು ಎಂಬುದು ಹೋಗಿ, ಎಷ್ಟು ವರ್ಷ ಎಂಬುದು ಬಂತು.

ಎಷ್ಟು ವರ್ಷ, ಎಷ್ಟು ಖರ್ಚು, ಕೊನೆಗೆ ಕೆಲಸ ಏನು: ಇದನ್ನು ಬರೆದು ಕೊಡುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಅಂಗಡಿಯ ಲೆಕ್ಕ ಬರೆಯುವವನು ನಾನೇ ಆದ್ದರಿಂದ. ಹಾಳೆಯ ಎಡಕ್ಕೆ ಲಾಂಗ್ ಟರ್ಮ್ ಮತ್ತು ಮೆಡಿಕಲ್, ಬಲಕ್ಕೆ ಬಿಎಸ್ಸಿ ಮತ್ತು ಮುಂದಿನದು. ಖರ್ಚಿನ ಸಾಲು ಸುಲಭ. ಊರಿನ ಅನುದಾನಿತ ಕಾಲೇಜಿನ ಬಿಎಸ್ಸಿಯ ವರ್ಷದ ಫೀಸು ಕೋಚಿಂಗ್ ಸೆಂಟರಿನ ಒಂದು ಕಂತಿಗೂ ಸಮ ಇರಲಿಲ್ಲ. ಕಷ್ಟವಾದದ್ದು ಗುಡ್‌ವಿಲ್. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಎಂದರೆ ಕಣ್ಣಿಗೆ ಕಾಣದ ಆಸ್ತಿ, ಹೆಸರಿನ ಬೆಲೆ. ಎಂಬಿಬಿಎಸ್ ಎಂಬ ಹೆಸರಿಗೆ ಕದ್ರಿಯಲ್ಲಿ, ಬಂದರಿನಲ್ಲಿ, ದಮ್ಮಾಮ್‌ನಲ್ಲಿ ಎಲ್ಲ ಕಡೆ ಬೆಲೆ ಇದೆ. ಮದುವೆ ಮನೆಯಲ್ಲಿ ಅಮ್ಮಿ ಆ ನಾಲ್ಕು ಅಕ್ಷರ ಹೇಳಿದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಬಯೋಫಿಸಿಕ್ಸ್ ಎಂದರೆ ಹತ್ತು ಪ್ರಶ್ನೆ, ಹತ್ತನೆಯದು ಯಾವಾಗಲೂ "ಮತ್ತೆ ಇವಳ ಮದುವೆ ಯಾವಾಗ?"

ಕೆಲಸದ ಸಾಲಿನಲ್ಲಿ ಬರೆಯಲು ಒಂದು ಗಟ್ಟಿ ಸಂಗತಿ ಸಿಕ್ಕಿತು. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಗಳಲ್ಲಿ ಡಾಕ್ಟರ ಜೊತೆ ಮೆಡಿಕಲ್ ಫಿಸಿಸಿಸ್ಟ್ ಇರಲೇಬೇಕು. ಇದು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮ. ಯಾವ ಕೋನದಿಂದ ಎಷ್ಟು ಕಿರಣ ಬಿಟ್ಟರೆ ಗಡ್ಡೆ ಸಾಯುತ್ತದೆ, ಪಕ್ಕದ ಅಂಗ ಉಳಿಯುತ್ತದೆ ಎಂದು ಲೆಕ್ಕ ಹಾಕುವವರು ಅವರು. ಆ ದಾರಿಗೆ ಬಿಎಸ್ಸಿಯಲ್ಲಿ ಫಿಸಿಕ್ಸ್ ಮುಖ್ಯ ವಿಷಯವಾಗಿರಬೇಕು, ಆಮೇಲೆ ಮೆಡಿಕಲ್ ಫಿಸಿಕ್ಸ್‌ನಲ್ಲಿ ಎಂಎಸ್ಸಿ, ಆಸ್ಪತ್ರೆಯಲ್ಲಿ ಒಂದು ವರ್ಷ ಇಂಟರ್ನ್‌ಶಿಪ್. ನಾನು ಇದನ್ನು ಕೆಂಪು ಪೆನ್ನಿನಲ್ಲಿ ಬರೆದೆ. ಆಪಾ ನೋಡಿ, ಇದು ಒಳ್ಳೆಯ ಕೆಲಸ, ಆದರೆ ನನಗೆ ಬೇಕಾದದ್ದು ಪ್ರೋಟೀನು ಎಂದಳು. ಪ್ರೋಟೀನಿನ ಸಾಲಿನಲ್ಲಿ ನಾನು ಬರೆಯಬಹುದಾದದ್ದು: ಎಂಎಸ್ಸಿ, ಪಿಎಚ್‌ಡಿ, ಆಮೇಲೆ ಸಂಶೋಧನೆ ಅಥವಾ ಅಧ್ಯಾಪನ, ಇಲ್ಲವೇ ಔಷಧಿ ಕಂಪನಿ. ಹತ್ತು ವರ್ಷವಾದರೂ ಬೇಕು. ನಡುವೆ ಫೆಲೋಶಿಪ್ ಸಿಗಬಹುದು, ಸಿಗದೆಯೂ ಇರಬಹುದು.

ಹಾಳೆ ನೋಡಿದರೆ ಮಾಮೂ ಹೇಳಿದ್ದು ಪೂರ್ತಿ ತಪ್ಪಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಅವರು ಇಪ್ಪತ್ತು ವರ್ಷ ಮರುಭೂಮಿಯಲ್ಲಿ ದುಡಿದ ಹಣಕ್ಕೆ ಗ್ಯಾರಂಟಿ ಕೇಳಿದರು, ಅಷ್ಟೇ. ಆದರೆ ಎಡಗಡೆಯ ಅಂಕಣದಲ್ಲೂ ಗ್ಯಾರಂಟಿ ಇರಲಿಲ್ಲ. ಇನ್ನೊಂದು ವರ್ಷ ಕೂತರೆ ಸೀಟು ಸಿಕ್ಕೇ ಸಿಗುತ್ತದೆ ಎಂದು ಯಾರೂ ಬರೆದು ಕೊಡಲಿಲ್ಲ. ಎಲ್ಲರಿಗೂ ಗೊತ್ತಿರುವ ಹೆಸರು ಎಂಬ ಕಾರಣಕ್ಕೆ ಅದು ಗ್ಯಾರಂಟಿಯ ಹಾಗೆ ಕಾಣುತ್ತಿತ್ತು.

ಅಬ್ಬಾ ತೀರ್ಮಾನ ಕೊಟ್ಟದ್ದು ಹೀಗೆ: ಊರಲ್ಲೇ ಬಿಎಸ್ಸಿಗೆ ಸೇರಲಿ, ಫೀಸು ಅಂಗಡಿಯಿಂದ. ಒಂದು ವರ್ಷದ ನಂತರ ಐಎಟಿ ಮತ್ತೊಮ್ಮೆ ಬರೆಯಲಿ. ಸಿಕ್ಕಿದರೆ ಅವಳ ಹೆಸರಿನಲ್ಲಿರುವ ಎಫ್‌ಡಿ ಒಡೆಯೋಣ. ಸಿಗದಿದ್ದರೆ ಇಲ್ಲೇ ಡಿಗ್ರಿ ಮುಗಿಸಲಿ, ಎಂಎಸ್ಸಿಗೆ ಹೊರಗೆ ಹೋಗಲಿ. ಆ ಎಫ್‌ಡಿ ಇಟ್ಟದ್ದು ಅವಳ ನಿಕಾಹಿಗೆಂದು. ಅದನ್ನು ಒಡೆಯುವ ಮಾತು ಅಬ್ಬಾ ಬಾಯಿಂದ ಬಂದಾಗ ಅಮ್ಮಿ ಎದ್ದು ಅಡುಗೆಮನೆಗೆ ಹೋದರು. ಮಾಮೂಗೆ ವಿಷಯ ತಿಳಿಸಿದ್ದು ಅಮ್ಮಿಯೇ. ಮೊದಲು ಪ್ರತಿ ಶುಕ್ರವಾರ ನಮಾಝ್ ಆದ ಮೇಲೆ ಮಾಮೂ ವಿಡಿಯೋ ಕಾಲ್ ಮಾಡುತ್ತಿದ್ದರು. ಈಗ ಎರಡು ಮೂರು ವಾರಕ್ಕೊಮ್ಮೆ. ಅಮ್ಮಿ ಏನೂ ಹೇಳುವುದಿಲ್ಲ. ಶುಕ್ರವಾರ ಮಧ್ಯಾಹ್ನ ಫೋನನ್ನು ಚಾರ್ಜಿಗೆ ಹಾಕಿ ಪಕ್ಕದಲ್ಲೇ ಕೂತಿರುತ್ತಾರೆ.

ಆಪಾ ಈಗ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್‌ನಲ್ಲಿ ಮೊದಲ ವರ್ಷ. ಯಾಕೆ ಆ ಬಾಗಿಲು ಎಂದು ಕೇಳಿದರೆ, ಗಣಿತ ಮತ್ತು ಫಿಸಿಕ್ಸ್ ಒಬ್ಬಳೇ ಕೂತು ಕಲಿಯುವುದು ಕಷ್ಟ, ಬಯಾಲಜಿ ಪುಸ್ತಕ ಓದಿ ಸ್ವಲ್ಪವಾದರೂ ಹಿಡಿಯಬಹುದು ಎನ್ನುತ್ತಾಳೆ. ಇದು ಪೂರ್ತಿ ಸರಿ ಎಂದು ನನಗೆ ಅನ್ನಿಸುವುದಿಲ್ಲ. ಜೀವಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ, ಕೈಯಲ್ಲಿ ಏನೂ ಮಾಡದೆ ಬಯಾಲಜಿ ಹೇಗೆ ಬರುತ್ತದೆ? ಅವಳಿಗೂ ಅದು ಗೊತ್ತು. ಪಿಯುಸಿಯ ಬಯಾಲಜಿ ಪುಸ್ತಕಗಳನ್ನು ಅವಳು ಮಾರಲಿಲ್ಲ. ರಾತ್ರಿ ಇಶಾ ಆದ ಮೇಲೆ ಒಂದು ಗಂಟೆ ಅದಕ್ಕೆಂದೇ ಇಟ್ಟಿದ್ದಾಳೆ, ಕದ್ರಿ ಪಾರ್ಕಿನಲ್ಲಿ ಮೇಳ ಇದ್ದು ಧ್ವನಿವರ್ಧಕ ಹಾಡುತ್ತಿದ್ದರೂ ತಪ್ಪಿಸುವುದಿಲ್ಲ.

ನಮ್ಮ ಊರು ಈ ವಿಷಯದಲ್ಲಿ ಪೂರ್ತಿ ಬರಿದೇನೂ ಅಲ್ಲ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಎಂಬ ಯಂತ್ರ ಇದೆ, ಎಲೆಕ್ಟ್ರಾನುಗಳನ್ನು ವೇಗವಾಗಿ ಓಡಿಸುವಂಥದ್ದು. ವಿಕಿರಣ ತಾಗಿದರೆ ಜೀವಕೋಶಕ್ಕೆ ಏನಾಗುತ್ತದೆ ಎಂಬ ಅಧ್ಯಯನಕ್ಕೂ ಅದು ಬಳಕೆಯಾಗಿದೆ. ಮಣಿಪಾಲದಲ್ಲಿ ಒಂದೇ ಒಂದು ಕೆಂಪು ರಕ್ತಕಣವನ್ನು ಲೇಸರ್ ಬೆಳಕಿನಲ್ಲಿ ಹಿಡಿದು ನಿಲ್ಲಿಸಿ, ರಾಮನ್ ಪರಿಣಾಮದಿಂದ ಅದರ ಒಳಗಿನ ಸ್ಥಿತಿ ಓದುವ ಪ್ರಯೋಗಾಲಯ ಇದೆ. ಬೆಳಕಿನಿಂದ ಹಿಡಿಯುವ ಈ ಚಿಮಟಕ್ಕೆ ಆರ್ಥರ್ ಆಶ್ಕಿನ್ ಅವರಿಗೆ 2018ರಲ್ಲಿ ನೊಬೆಲ್ ಬಂದಾಗ ಅವರಿಗೆ 96 ವರ್ಷ. ರಕ್ತಕಣದ ಅಗಲ ಏಳೆಂಟು ಮೈಕ್ರೋಮೀಟರ್. ಅದನ್ನು ಮುಟ್ಟದೆ ಹಿಡಿಯುವುದು ಎಂದರೆ ಏನೆಂದು ಆಪಾ ನನಗೆ ಕಣ್ಣು ಅರಳಿಸಿ ಹೇಳುವಾಗ, ಇವಳಿಗೆ ಡಾಕ್ಟರ್ ಆಗುವ ಆಸೆ ಎಂದಾದರೂ ಇತ್ತೇ ಎಂಬ ಸಂಶಯ ನನಗೆ ಬರುತ್ತದೆ.

ನಮ್ಮ ಕಾಲೇಜಿನ ಸೈನ್ಸ್ ವಿದ್ಯಾರ್ಥಿಗಳಿಗೆ ಅವಳು ಎರಡು ಮಾತು ಹೇಳಲು ಹೇಳಿದ್ದಾಳೆ. ಪಿಸಿಎಂಬಿಯವರು, ನೀಟ್ ಒಂದೇ ಗುರಿ ಎಂದು ಗಣಿತವನ್ನು ಪಾಸಾಗುವಷ್ಟಕ್ಕೆ ಬಿಡಬೇಡಿ. ಮತ್ತೆ, ಬಯೋಫಿಸಿಕ್ಸ್ ಬೇಕೆಂದರೆ ಆ ಹೆಸರಿನ ಕೋರ್ಸು ಹುಡುಕುತ್ತಾ ಕೂರಬೇಡಿ, ಆ ಹೆಸರಿನ ವಿಭಾಗದಲ್ಲಿ ಈಗ ಕೆಲಸ ಮಾಡುತ್ತಿರುವವರು ಬಿಎಸ್ಸಿಯಲ್ಲಿ ಏನು ಓದಿದ್ದರು ಎಂದು ಹುಡುಕಿ. ಅವಳು ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪುಟಗಳನ್ನು ಒಂದೊಂದಾಗಿ ಹಾಗೆ ನೋಡಿದ್ದಾಳೆ. ಫಿಸಿಕ್ಸ್‌ನಿಂದ ಬಂದವರು, ಕೆಮಿಸ್ಟ್ರಿಯಿಂದ ಬಂದವರು, ಬಯಾಲಜಿಯವರು, ಎಲ್ಲ ಕಡೆಯಿಂದಲೂ ಇದ್ದಾರಂತೆ.

ಐಎಟಿ ಅರ್ಜಿ ತುಂಬುವುದು ನಾನೇ, ಸೈಬರ್ ಅಂಗಡಿಗೆ ಕೊಡುವುದಿಲ್ಲ ಎಂದು ಹೇಳಿದ್ದೇನೆ. ಪೋಷಕರ ಉದ್ಯೋಗ ಎಂಬ ಜಾಗದಲ್ಲಿ ಕಳೆದ ಸಲ ಸೈಬರಿನವರು ಬಿಸಿನೆಸ್ ಎಂದು ಹಾಕಿದ್ದರು. ಈ ಸಲ ಬ್ಯಾಟರಿ ಎಂದು ಸರಿಯಾಗಿ ಬರೆಯಬೇಕು ಎಂಬುದು ಅಬ್ಬಾ ಅವರ ಆದೇಶ.